ನೈರೋಬಿಯಿಂದ ಟಿಕೆಟ್ ತಗೊಂಡಿರಿ, ಸರಿ. ಯಾವ ಏರ್‌ಪೋರ್ಟಿಂದ?

ಕೀನ್ಯಾಕ್ಕೆ ಕೆಲಸಕ್ಕೆ ಬಂದ ನಮ್ಮವರು ಮೊದಲ ರಜೆಗೆ ಟಿಕೆಟ್ ಹುಡುಕುವಾಗ ದರ ನೋಡುತ್ತಾರೆ, ಹೊರಡುವ ಹೊತ್ತು ನೋಡುತ್ತಾರೆ. ವಿಮಾನ ಎಲ್ಲಿಂದ ಹೊರಡುತ್ತೆ ಅನ್ನೋದನ್ನು ಮಾತ್ರ ನೋಡುವುದಿಲ್ಲ. ನೈರೋಬಿ ಅಂದ ಮೇಲೆ ಜೊಮೊ ಕೆನ್ಯಾಟಾ ಏರ್‌ಪೋರ್ಟೇ ತಾನೆ, ಅಂದುಕೊಂಡುಬಿಡುತ್ತಾರೆ.

ಅಲ್ಲ. ಲಂಗಾಟಾ ರಸ್ತೆಯಲ್ಲಿ ಇನ್ನೊಂದಿದೆ, ವಿಲ್ಸನ್. ಮಸಾಯಿ ಮಾರಾ, ಅಂಬೊಸೆಲಿ, ಸಾಂಬುರು ಅಭಯಾರಣ್ಯಗಳ ಕಡೆ ಹೋಗುವ ಸಫಾರಿಲಿಂಕ್, ಏರ್‌ಕೀನ್ಯಾ ವಿಮಾನಗಳು ಹೊರಡುವುದು ಅಲ್ಲಿಂದ. ಕೀನ್ಯಾ ಏರ್‌ವೇಸ್ ಮತ್ತು ಅದರದೇ ಕೂಸಾದ ಜಾಂಬೊಜೆಟ್ ಹೊರಡುವುದು ಜೊಮೊ ಕೆನ್ಯಾಟಾದಿಂದ. ಇಲ್ಲಿಯವರು ಅದನ್ನು ಜೆಕೆಐಎ ಅಂತಾರೆ. ಟಿಕೆಟ್ ಮೇಲೆ ಎನ್‌ಬಿಓ ಅಂತಿದ್ದರೆ ಜೆಕೆಐಎ, ಡಬ್ಲ್ಯೂಐಎಲ್ ಅಂತಿದ್ದರೆ ವಿಲ್ಸನ್. ಈ ಮೂರಕ್ಷರ ನೋಡದೆ ದುಡ್ಡು ಕಟ್ಟಬೇಡಿ.

ನಮ್ಮ ಪರಿಚಯದ ದಾವಣಗೆರೆ ಕಡೆಯ ಒಂದು ಕುಟುಂಬ ಕಿಸುಮುವಿನಲ್ಲಿದೆ. ಊರಿಂದ ಅಪ್ಪ ಅಮ್ಮ ಬಂದಿದ್ದರು, ಮಾರಾ ತೋರಿಸಬೇಕು. ಕಿಸುಮುವಿಂದ ಮಧ್ಯಾಹ್ನ ಜೆಕೆಐಎಗೆ ಬಂದಿಳಿಯುವ ಒಂದು ಟಿಕೆಟ್, ಎರಡು ಗಂಟೆ ಬಿಟ್ಟು ವಿಲ್ಸನ್‌ನಿಂದ ಮಾರಾಕ್ಕೆ ಇನ್ನೊಂದು. ಮೊದಲ ವಿಮಾನ ಸ್ವಲ್ಪ ತಡ ಆಯಿತು. ಬೆಲ್ಟ್ ಮುಂದೆ ನಿಂತು ಸೂಟ್‌ಕೇಸ್ ಕಾದರು. ಆಮೇಲೆ ಟ್ಯಾಕ್ಸಿ, ಆಮೇಲೆ ಮೊಂಬಾಸಾ ರಸ್ತೆಯ ಟ್ರಾಫಿಕ್. ವಿಲ್ಸನ್ ಮುಟ್ಟುವಷ್ಟರಲ್ಲಿ ವಿಮಾನ ಹಾರಿಹೋಗಿತ್ತು.

ಟಿಕೆಟ್ ಬೇರೆ ಬೇರೆ ಆದ್ದರಿಂದ ಎರಡನೇ ಕಂಪನಿಗೆ ಇದು ಸಂಬಂಧವೇ ಇಲ್ಲದ ವಿಷಯ. ಮುಂದಿನ ವಿಮಾನಕ್ಕೆ ಹೋಗೋಣ ಅಂದರೆ ಅವತ್ತು ಮುಂದಿನದೇ ಇಲ್ಲ. ಮಾರಾದಲ್ಲಿ ಇರುವುದು ಹೆಚ್ಚಾಗಿ ಮಣ್ಣಿನ ರನ್‌ವೇ, ದೀಪ ಇಲ್ಲ. ಕತ್ತಲಾದ ಮೇಲೆ ಯಾರೂ ಇಳಿಸುವುದಿಲ್ಲ. ಹಾಗಾಗಿ ಮಧ್ಯಾಹ್ನದ ವಿಮಾನ ತಪ್ಪಿದರೆ ಆ ರಾತ್ರಿಯ ಕ್ಯಾಂಪ್ ಬಾಡಿಗೆಯೂ ಹೋಯಿತು. ನೈರೋಬಿಯಲ್ಲಿ ಹೋಟೆಲ್ ಖರ್ಚು, ಮರುದಿನಕ್ಕೆ ಹೊಸ ಟಿಕೆಟ್. ಅಷ್ಟು ದುಡ್ಡಿಗೆ ನೈರೋಬಿಯಿಂದಲೇ ಒಂದು ಲ್ಯಾಂಡ್ ಕ್ರೂಸರ್ ಮಾಡಿಕೊಂಡು ಆರಾಮಾಗಿ ಹೋಗಿ ಬರಬಹುದಿತ್ತು.

ಇನ್ನೂ ಒಂದು ಕಥೆ ಇದೆ. ಮರುದಿನ ಬೆಳಿಗ್ಗೆ ಅವರ ದೊಡ್ಡ ಗಟ್ಟಿ ಸೂಟ್‌ಕೇಸನ್ನು ಕೌಂಟರ್‌ನಲ್ಲಿ ವಾಪಸ್ ಮಾಡಿದರು. ಈ ಸಣ್ಣ ವಿಮಾನಗಳಲ್ಲಿ ತಲೆಗೆ 15 ಕೆಜಿ, ಕೈಚೀಲವೂ ಸೇರಿ. ಮೆತ್ತನೆ ಬಟ್ಟೆಯ ಬ್ಯಾಗೇ ಆಗಬೇಕು. ಸೆಸ್ನಾ ಕ್ಯಾರವಾನ್‌ನ ಹೊಟ್ಟೆಯಲ್ಲಿ ಗಟ್ಟಿ ಪೆಟ್ಟಿಗೆ ಹಿಡಿಸುವುದಿಲ್ಲ. ಅಮ್ಮ ಅಲ್ಲೇ ನೆಲದ ಮೇಲೆ ಕೂತು ಸೀರೆ, ಸ್ವೆಟರ್, ಚಟ್ನಿಪುಡಿ ಡಬ್ಬಿ ಎಲ್ಲ ತೆಗೆದು ಮಗನ ಜಿಮ್ ಬ್ಯಾಗಿಗೆ ತುಂಬಿದರಂತೆ.

ಒಂದೇ ದಿನ ಎರಡೂ ಏರ್‌ಪೋರ್ಟ್ ಬರುವ ಹಾಗಿದ್ದರೆ ನಡುವೆ ನಾಲ್ಕು ಗಂಟೆ ಬಿಡಿ. ಊರಿಂದ ನೇರ ಬಂದಿಳಿಯುವವರಾದರೆ ಆ ರಾತ್ರಿ ನೈರೋಬಿಯಲ್ಲೇ ಉಳಿಯಿರಿ. ಟ್ಯಾಕ್ಸಿಯವನಿಗೆ ಬರೀ 'ವಿಲ್ಸನ್' ಅಂದರೂ ಸಾಲದು. ಅಲ್ಲಿ ಒಂದೊಂದು ಕಂಪನಿಗೂ ಬೇರೆ ಟರ್ಮಿನಲ್ ಇದೆ. ಕಂಪನಿ ಹೆಸರು ಹೇಳಿ.

ಡಿಯಾನಿ, ಲಾಮು, ಕಿಸುಮುಗೆ ಎರಡೂ ಕಡೆಯಿಂದ ವಿಮಾನ ಇವೆ. ಅಗ್ಗ ಅಂತ ಹೋಗೋಕೆ ಒಂದು ಕಂಪನಿ, ಬರೋಕೆ ಇನ್ನೊಂದು ಹಿಡಿದರೆ ನಿಮ್ಮ ಕಾರು ಜೆಕೆಐಎ ಪಾರ್ಕಿಂಗ್‌ನಲ್ಲಿ, ನೀವು ವಿಲ್ಸನ್‌ನಲ್ಲಿ.

ಬೆಂಗಳೂರಲ್ಲಿ 2008ರಲ್ಲಿ ದೇವನಹಳ್ಳಿ ಶುರುವಾದಾಗ ಎಚ್‌ಎಎಲ್‌ನಿಂದ ಪ್ರಯಾಣಿಕರ ವಿಮಾನ ನಿಲ್ಲಿಸಿಬಿಟ್ಟರು. ಅದಕ್ಕೇ ನಮಗೆ ಈ ಅಭ್ಯಾಸ ಇಲ್ಲ. ಆದರೆ ನನ್ನ ಕೇಳಿದರೆ ನೈರೋಬಿಯವರು ಮಾಡಿದ್ದೇ ಸರಿ. ಊರ ಪಕ್ಕದ ಏರ್‌ಪೋರ್ಟಿಗೆ ಹೋಗಿ ಕಾಫಿ ಕುಡಿದು ನಡೆದುಕೊಂಡೇ ವಿಮಾನ ಹತ್ತುವ ಸುಖ ಹೊಸೂರು ರಸ್ತೆಯವರಿಗೆ ಎಲ್ಲಿದೆ?

ಮಾರಾಕ್ಕೆ ಟಿಕೆಟ್ ತೆಗೆಯುವ ಮುಂಚೆ ಕ್ಯಾಂಪಿನವರಿಗೆ ಫೋನ್ ಮಾಡಿ ಯಾವ ಏರ್‌ಸ್ಟ್ರಿಪ್ ಅಂತ ಕೇಳಿ. ಕೀಕೊರೊಕ್, ಓಲ್ ಕಿಯೊಂಬೊ, ಮುಸಿಯಾರಾ, ಕಿಚ್ವಾ ಟೆಂಬೊ ಹೀಗೆ ಹಲವು ಇವೆ. ವಿಮಾನ ನಮ್ಮ ಹಳ್ಳಿ ಬಸ್ಸಿನ ಹಾಗೆ ಒಂದೊಂದರಲ್ಲೂ ಇಳಿಸುತ್ತಾ ಹೋಗುತ್ತೆ. ತಪ್ಪು ಕಡೆ ಇಳಿದರೆ ಜೀಪಿನಲ್ಲಿ ಗಂಟೆಗಟ್ಟಲೆ ಕುಲುಕಾಟ. ವರ್ಕ್ ಪರ್ಮಿಟ್ ಇದ್ದವರು ರೆಸಿಡೆಂಟ್ ದರ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಪಾರ್ಕ್ ಶುಲ್ಕ, ಕ್ಯಾಂಪ್ ಬಾಡಿಗೆಯಲ್ಲಿ ವ್ಯತ್ಯಾಸ ದೊಡ್ಡದು. ಪ್ರವಾಸಿಗಳ ದರ ಕೊಟ್ಟು ಬಂದ ಮೇಲೆ ಹೇಳಿದರೆ ಯಾರೂ ವಾಪಸ್ ಕೊಡಲ್ಲ.

ಜಾಂಬೊಜೆಟ್ ಅಗ್ಗ, ನಿಜ. ಆದರೆ ತೀರಾ ಅಗ್ಗದ ದರದಲ್ಲಿ 7 ಕೆಜಿ ಕೈಚೀಲ ಮಾತ್ರ. ಇಂಡಿಗೊದಲ್ಲಿ 15 ಕೆಜಿ ಸಿಕ್ಕಿ ರೂಢಿಯಾದವರು ಇಲ್ಲೇ ಜಾರುತ್ತಾರೆ. ಬ್ಯಾಗ್ ಇದ್ದರೆ ಬುಕ್ ಮಾಡುವಾಗಲೇ ಸೇರಿಸಿ, ಆಮೇಲೆ ಕೀನ್ಯಾ ಏರ್‌ವೇಸ್ ದರದ ಜೊತೆ ಹೋಲಿಸಿ. ಜಾಸ್ತಿ ವ್ಯತ್ಯಾಸ ಉಳಿಯದೇ ಇರಬಹುದು.

ಡಿಯಾನಿ ಬೀಚಿಗೆ ಹೋಗುವವರು ಮೊಂಬಾಸಾಗೆ ಟಿಕೆಟ್ ತೆಗೆಯಬೇಡಿ, ಬೀಚಿನ ಪಕ್ಕದಲ್ಲೇ ಇರುವ ಉಕುಂಡಾಗೆ ತೆಗೆಯಿರಿ. ಮೊಂಬಾಸಾದಿಂದ ಲಿಕೋನಿ ಫೆರಿ ದಾಟುವುದು ಮಕ್ಕಳಿದ್ದರೆ ಸಾಕುಬೇಕಾಗುತ್ತೆ. ಮೊಂಬಾಸಾ ಊರಿಗೇ ಹೋಗುವುದಾದರೆ ವಿಮಾನವೇ ಬೇಡ ಅಂತೀನಿ. 2017ರಿಂದ ಮಡರಾಕಾ ಎಕ್ಸ್‌ಪ್ರೆಸ್ ರೈಲಿದೆ. ಐದು ಗಂಟೆ ಚಿಲ್ಲರೆ, ತ್ಸಾವೊ ಕಾಡಿನ ನಡುವೆ ಹೋಗುತ್ತೆ. ಕೆಂಪು ಮಣ್ಣು ಮೆತ್ತಿಕೊಂಡ ಆನೆಗಳು ಕಿಟಕಿಯಿಂದಲೇ ಕಾಣುತ್ತವೆ. ರಜೆಯ ದಿನಗಳಿಗೆ ಟಿಕೆಟ್ ಬೇಗ ಖಾಲಿಯಾಗುತ್ತೆ, ಎಂಪೆಸಾದಲ್ಲಿ (ಇಲ್ಲಿ ಮೊಬೈಲ್‌ನಿಂದ ದುಡ್ಡು ಕಟ್ಟುವ ವ್ಯವಸ್ಥೆ) ಮೊದಲೇ ದುಡ್ಡು ಹಾಕಿ ಕಾಯ್ದಿರಿಸಿ.

ಎಂಟೆಬೆ, ಕಿಗಾಲಿ, ದಾರ್ ಎಸ್ ಸಲಾಂ, ಜಾಂಜಿಬಾರ್ ಅಂದರೆ ಕೀನ್ಯಾ ಏರ್‌ವೇಸ್ ಅಲ್ಲದೆ ಉಗಾಂಡಾ ಏರ್‌ಲೈನ್ಸ್, ರ್ವಾಂಡ್‌ಏರ್, ತಾಂಜಾನಿಯಾದ ಪ್ರಿಸಿಷನ್ ಏರ್ ಇವೆ. ಎಲ್ಲಾದರೂ ವಿಮಾನ ಬದಲಿಸುವುದಿದ್ದರೆ ಪೂರ್ತಿ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಲಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಮೊದಲನೆಯದು ತಡವಾದರೆ ಮುಂದಿನದಕ್ಕೆ ಕೂರಿಸುವುದು ಆಗ ಅವರ ತಲೆನೋವು.

ಹಳದಿ ಜ್ವರದ ಲಸಿಕೆ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇರಲಿ. ಕೀನ್ಯಾದಿಂದ ತಾಂಜಾನಿಯಾಕ್ಕೆ ಹೋದರೂ ಕೇಳುತ್ತಾರೆ, ಬೆಂಗಳೂರಿಗೆ ವಾಪಸ್ ಇಳಿದಾಗಲೂ ಕೇಳುತ್ತಾರೆ. ಇಲ್ಲದಿದ್ದರೆ ಊರಲ್ಲೇ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸುವ ಅಧಿಕಾರ ಅವರಿಗಿದೆ. ಲಸಿಕೆ ಲೆಕ್ಕಕ್ಕೆ ಬರುವುದು ಹಾಕಿಸಿ ಹತ್ತು ದಿನ ಆದ ಮೇಲೆ. ಆದ್ದರಿಂದ ನಿಮ್ಮನ್ನು ನೋಡಲು ಬರುವ ಅಪ್ಪ ಅಮ್ಮನಿಗೂ ಹೊರಡುವ ಹಿಂದಿನ ವಾರ ಅಲ್ಲ, ಟಿಕೆಟ್ ತೆಗೆದ ವಾರವೇ ಹೇಳಿ. ವಯಸ್ಸು 60 ದಾಟಿದ್ದರೆ ಮೊದಲು ಡಾಕ್ಟರನ್ನು ಕೇಳಿ ಹಾಕಿಸಲಿ.