ಮೋಟಾರ್ ಬೋಟ್ ದಾರಿ ಬಿಟ್ಟಾಗ ನಾನು ಮಾಡಿದ ತಪ್ಪು

ಕ್ಯಾಲಿಫೋರ್ನಿಯಾದ ಬರ್ಕ್ಲಿ ಮರೀನಾದಲ್ಲಿ, ಅಂದರೆ ದೋಣಿಗಳ ತಂಗುದಾಣದಲ್ಲಿ, ಹಾಯಿದೋಣಿ ಕಲಿಯಲು ಶುರು ಮಾಡಿದ ಎರಡನೇ ಬೇಸಿಗೆ ಅದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಸಮುದ್ರಕ್ಕೆ ತೆರೆಯುವ ಗೋಲ್ಡನ್ ಗೇಟ್ ಕಡೆಯಿಂದ ಪಡುಗಾಳಿ ನುಗ್ಗುತ್ತದೆ. ಇಪ್ಪತ್ತು ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್, ಅಲ್ಲಿ ಮಾಮೂಲು ಗಾಳಿ. ಆ ದಿನ ದೋಣಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಗಾಳಿಯನ್ನು ಬಲಗಡೆಗೆ ಇಟ್ಟುಕೊಂಡು ನೈಋತ್ಯಕ್ಕೆ ಹೋಗುತ್ತಿದ್ದೆವು.

ಬಲಗಡೆಯಿಂದ ಒಂದು ಮೋಟಾರ್ ಬೋಟ್ ಬರುತ್ತಿತ್ತು. ನಿಯಮ ನನಗೆ ಬಾಯಿಪಾಠವಾಗಿತ್ತು: ಹಾಯಿಯಲ್ಲಿ ಹೋಗುವ ದೋಣಿಗೆ ಮೋಟಾರ್ ಬೋಟ್ ದಾರಿ ಬಿಡಬೇಕು. ಆದರೂ ಅದು ದೊಡ್ಡದಾಗುತ್ತಾ ಬಂದ ಹಾಗೆ ನನ್ನ ಕೈ ನಡುಗಿತು. ಇವನಿಗೆ ನಾನು ಕಂಡಿಲ್ಲ ಅನ್ನಿಸಿತು. ಅವನು ಮುಂದೆ ಹೋಗಲಿ, ನಾನು ಹಿಂದಿನಿಂದ ಹೋಗೋಣ ಅಂತ ಬಲಕ್ಕೆ ತಿರುಗಿಸಿಬಿಟ್ಟೆ. ಅದೇ ಗಳಿಗೆಯಲ್ಲಿ ಅವನು ಎಡಕ್ಕೆ ತಿರುಗಿಸಿದ. ನನ್ನ ಹಿಂದಿನಿಂದ ಹಾದುಹೋಗಲು! ಈಗ ಇಬ್ಬರ ಮೂತಿಯೂ ಎದುರುಬದುರು. ಅವನು ಎಂಜಿನ್ ರಿವರ್ಸ್‌ಗೆ ಹಾಕಿದ್ದರಿಂದ ಉಳಿದೆವು. ನಮ್ಮ ನಡುವೆ ಒಂದು ದೋಣಿಯಷ್ಟು ನೀರಿತ್ತು, ಅಷ್ಟೇ.

ಅವನು ಬೈಯಲಿಲ್ಲ. "ನೀವು ಹಾಗೇ ಬಂದಿದ್ದರೆ ನಾನು ಹಿಂದಿನಿಂದ ಹೋಗಿಬಿಡುತ್ತಿದ್ದೆ" ಎಂದಷ್ಟೇ ಕೂಗಿ ಹೇಳಿ ಹೋದ.

ಆ ರಾತ್ರಿ ನಿಯಮಗಳನ್ನು ಮತ್ತೆ ಓದಿದೆ. ದೋಣಿಗಳು ಡಿಕ್ಕಿಯಾಗದಿರಲು 1972ರಲ್ಲಿ ಮಾಡಿ, 1977ರಿಂದ ಜಾರಿಯಾದ ಅಂತರರಾಷ್ಟ್ರೀಯ ನಿಯಮಗಳಿವೆ. ಕೊಲ್ಲಿಯೊಳಗೆ ನಡೆಯುವುದು ಅಮೆರಿಕದ ಒಳನಾಡಿನ ನಿಯಮ. ಈ ವಿಷಯದಲ್ಲಿ ಎರಡೂ ಒಂದೇ. ನಾನು ಬಾಯಿಪಾಠ ಮಾಡಿದ್ದು 18ನೇ ನಿಯಮ. ಮನಸ್ಸಿಗೆ ಇಳಿಯದೇ ಹೋಗಿದ್ದು 17ನೆಯದು. ಒಬ್ಬನು ದಾರಿ ಬಿಡಬೇಕಾದಾಗ ಇನ್ನೊಬ್ಬನು ತನ್ನ ದಿಕ್ಕು, ವೇಗ ಎರಡನ್ನೂ ಹಾಗೇ ಇಟ್ಟುಕೊಳ್ಳಬೇಕು. ಅದು ಸವಲತ್ತಲ್ಲ, ಕೆಲಸ. ನಾನು ಎಲ್ಲಿಗೆ ಹೋಗುತ್ತೇನೆ ಅಂತ ಗೊತ್ತಿದ್ದರೆ ತಾನೇ ಅವನು ತಪ್ಪಿಸಿಕೊಂಡು ಹೋಗುವುದು? ಅವನು ದಾರಿ ಬಿಡುತ್ತಿಲ್ಲ ಅಂತ ಖಚಿತವಾದರೆ ನಾನು ತಿರುಗಬಹುದು. ತೀರಾ ಹತ್ತಿರವಾಗಿ, ಅವನೊಬ್ಬನಿಂದ ತಪ್ಪಿಸಲು ಆಗುವುದಿಲ್ಲ ಅನ್ನುವಾಗ ತಿರುಗಲೇಬೇಕು. ಅಲ್ಲಿಯವರೆಗೆ ಸುಮ್ನೆ ಹೆದರಿ ತಿರುಗಿಸುವ ಹಾಗಿಲ್ಲ.

ಹಾಗಾದರೆ ಹೆದರಿಕೆಯನ್ನು ಅಳೆಯುವುದು ಹೇಗೆ? ನಾನು ಈಗ ಕೈ ಕಂಪಾಸ್ ಹಿಡಿದು ಆ ಬೋಟ್ ಯಾವ ಡಿಗ್ರಿಯಲ್ಲಿದೆ ಅಂತ ನೋಡುತ್ತೇನೆ. ಅರ್ಧ ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ನನ್ನ ಮುಂಭಾಗದ ಕಡೆಗೆ ಸರಿಯುತ್ತಿದ್ದರೆ ಅವನು ಮುಂದಿನಿಂದ ಹೋಗುತ್ತಾನೆ. ಹಿಂದಕ್ಕೆ ಸರಿಯುತ್ತಿದ್ದರೆ ಹಿಂದಿನಿಂದ. ಡಿಗ್ರಿ ಬದಲಾಗದೆ ಬೋಟ್ ಮಾತ್ರ ದೊಡ್ಡದಾಗುತ್ತಿದ್ದರೆ ಡಿಕ್ಕಿಯ ದಾರಿ ಅದು. ಆಗ ಹಾರ್ನ್ ಐದು ಸಲ ಚಿಕ್ಕದಾಗಿ ಒತ್ತುತ್ತೇನೆ. ಐದು ಅಂದರೆ "ನೀವೇನು ಮಾಡುತ್ತಿದ್ದೀರಿ ಅಂತ ನನಗೆ ತಿಳಿಯುತ್ತಿಲ್ಲ" ಎಂದು. ಮುಂಭಾಗದ ಹಾಯಿಯ ಅಡಿಯಲ್ಲೂ ಬಗ್ಗಿ ನೋಡಬೇಕು. ಆ ಬಟ್ಟೆಯ ಹಿಂದೆ ಒಂದಿಡೀ ಫೆರ್ರಿ ಅಡಗಿರಬಹುದು.

ಹಾಯಿ ಏರಿಸಿದ ಮಾತ್ರಕ್ಕೆ ಎಲ್ಲ ಕಡೆ ಮೊದಲ ದಾರಿ ಸಿಗುವುದಿಲ್ಲ. ಹಾಯಿ ಮೇಲಿದ್ದು ಎಂಜಿನ್ ಕೂಡ ತಳ್ಳುತ್ತಿದ್ದರೆ ನಾವು ಮೋಟಾರ್ ಬೋಟೇ. ಸಂಜೆ ಮರೀನಾಕ್ಕೆ ಮರಳುವಾಗ ತುಂಬಾ ಜನ ಇದನ್ನು ಮರೆಯುತ್ತಾರೆ. ಹಿಂದಿನಿಂದ ಬಂದು ದಾಟುವಾಗಲೂ ಅಷ್ಟೇ. ನಿಧಾನಕ್ಕೆ ಹೋಗುತ್ತಿರುವ ಮೋಟಾರ್ ಬೋಟನ್ನು ನಾವು ಹಾಯಿಯಲ್ಲಿ ದಾಟಿದರೆ ದೂರ ಸರಿಯಬೇಕಾದವರು ನಾವೇ. ಇನ್ನು ಓಕ್‌ಲ್ಯಾಂಡ್ ಬಂದರಿಗೆ ಹೋಗುವ ಕಂಟೇನರ್ ಹಡಗುಗಳು. ಅವುಗಳಲ್ಲಿ ಹಲವು ಮುನ್ನೂರು ಮೀಟರಿಗೂ ಉದ್ದ. ಆಳವಿರುವ ದಾರಿ ಬಿಟ್ಟು ಬರಲು ಅವಕ್ಕೆ ಆಗುವುದಿಲ್ಲ. ಅಂಥ ದಾರಿಯಲ್ಲಿ ಹಾಯಿದೋಣಿಯಾಗಲಿ, 20 ಮೀಟರಿಗಿಂತ ಚಿಕ್ಕ ಯಾವುದೇ ಬೋಟಾಗಲಿ ಅಡ್ಡ ಬರಬಾರದು ಅನ್ನುತ್ತದೆ 9ನೇ ನಿಯಮ. ಕೊಲ್ಲಿ ದಾಟುವ ಬೇ ಬ್ರಿಡ್ಜ್ ಕೆಳಗೆ ಅಂಥ ಹಡಗಿನ ಮೂತಿ ಕಂಡರೆ ನಾನು ಮೊದಲೇ ತಿರುಗಿ ದೂರ ಹೋಗುತ್ತೇನೆ, ಅರೆಬರೆ ತಿರುಗುವುದಿಲ್ಲ. ಅಷ್ಟು ಎತ್ತರದಲ್ಲಿ ನಿಂತವರಿಗೂ ನನ್ನ ತೀರ್ಮಾನ ಕಾಣಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 18ನೇ ನಿಯಮದಲ್ಲೇ ಇದೆ. ಬಲೆ ಬಿಟ್ಟು ಮೀನು ಹಿಡಿಯುತ್ತಿರುವ, ಬೇಕಾದ ಹಾಗೆ ತಿರುಗಲಾಗದ ಬೋಟಿಗೆ ಹಾಯಿದೋಣಿಯೂ ದಾರಿ ಬಿಡಬೇಕು. ನಾನು ಮಲ್ಪೆಯವನು. ಕಳೆದ ಸಲ ಊರಿಗೆ ಹೋದಾಗ ಟ್ರಾಲ್ ಬೋಟಿನಲ್ಲಿ ಅರ್ಧ ಆಯುಷ್ಯ ಕಳೆದ ಮಾವನಿಗೆ ಇದನ್ನು ಹೇಳಿದೆ. "ಬಲೆ ಎಳೆಯುವಾಗ ತಿರುಗೋದು ಹೇಗೆ ಮಾರಾಯ?" ಎಂದರು. ಅದೇ ಕಾರಣ ಅಂದೆ. ಅಷ್ಟು ದೂರದ ನಿಯಮದಲ್ಲಿ ತಮ್ಮ ಕೆಲಸವೂ ಲೆಕ್ಕಕ್ಕಿದೆ ಅಂತ ಅವರಿಗೆ ಖುಷಿಯಾಯಿತು.

ಈಗ ನೀರಿಗಿಳಿದರೆ ಕಂಪಾಸ್ ಹೆಂಡತಿಯ ಕೈಯಲ್ಲಿ, ದೋಣಿ ತಿರುಗಿಸುವ ಹಿಡಿ, ಅಂದರೆ ಟಿಲ್ಲರ್, ನನ್ನ ಕೈಯಲ್ಲಿ. ಅವಳು "ಇನ್ನೂರ ಎಂಬತ್ತು... ಇನ್ನೂರ ಎಂಬತ್ತು... ಎಂಬತ್ತೆಂಟು" ಎಂದು ಓದುತ್ತಾಳೆ. ಎಂಬತ್ತೆಂಟು ಕೇಳಿಸುವವರೆಗೆ ನಾನು ಟಿಲ್ಲರ್ ಅಲುಗಿಸುವುದಿಲ್ಲ.