ಗುಡ್ಡೆಯ ಮೇಲಿನ ಟವರ್ ಎಲ್ಲಿಗೆ ನಿಲ್ಲಬೇಕು: ಪೆರ್ಲದ ಕಡೆಯ ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಗುಡ್ಡೆಗಾಡಿನಲ್ಲಿ ಮೊಬೈಲ್ ಜಾಲದ ರೇಡಿಯೋ ವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ದೂರು ‘ರೇಂಜ್ ಉಂಟು, ಆದರೆ ಮಾತಾಡಲಿಕ್ಕೆ ಆಗುವುದಿಲ್ಲ’ ಎಂಬುದು. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಹೋದಂತೆ ಗುಡ್ಡೆಯ ನೆತ್ತಿಯಲ್ಲಿ ಟವರ್, ಕೆಳಗೆ ಬೈಲಿನಲ್ಲಿ ಅಡಿಕೆ ತೋಟ, ತೋಟದ ಅಂಚಿನಲ್ಲಿ ಮುರಕಲ್ಲಿನ ಮನೆ ಎಂಬ ಚಿತ್ರ ಮತ್ತೆ ಮತ್ತೆ ಕಾಣಸಿಗುತ್ತದೆ. ಅಂತಹ ಒಂದು ಬೈಲಿನ ತೊಂದರೆಯನ್ನು ಸರಿಪಡಿಸಿದ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಹೊಸ ಟವರ್ ಬೇಕೆಂದು ಮನವಿ ಕೊಡುವ ಊರುಗಳಲ್ಲಿ ಎಷ್ಟೋ ಕಡೆ ಮೊದಲು ಆಗಬೇಕಾದದ್ದು ಈಗಾಗಲೇ ಇರುವ ಟವರುಗಳನ್ನು ಅವುಗಳ ಮೇರೆಯೊಳಗೆ ನಿಲ್ಲಿಸುವ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಬೈಲಿನ ನಿವೃತ್ತ ಮಾಷ್ಟ್ರೊಬ್ಬರು ತಮ್ಮ ಫೋನನ್ನು ನನ್ನ ಮುಂದೆ ಹಿಡಿದು, “ನೋಡಿ, ಮೂರು ಕಡ್ಡಿ ಉಂಟು. ಮಗಳು ಮಾತಾಡುವುದು ನನಗೆ ಸ್ಪಷ್ಟ ಕೇಳುತ್ತದೆ, ನಾನು ಹೇಳಿದ್ದು ಅವಳಿಗೆ ಕೇಳುವುದೇ ಇಲ್ಲ” ಎಂದರು. “ತೋಟಕ್ಕೆ ಇಳಿದರೆ ಹೇಗೆ ಮಾಷ್ಟ್ರೇ?” ಎಂದು ಕೇಳಿದಾಗ, “ತೋಡಿನ ಹತ್ತಿರ ಮುಟ್ಟುವಾಗ ಕಾಲ್ ಕಟ್ಟಾಗುತ್ತದೆ, ಅಲ್ಲೇ ನಿಂತು ಪುನಃ ಮಾಡಿದರೆ ಚಂದಕ್ಕೆ ಸಿಗುತ್ತದೆ” ಎಂದರು. ಇಷ್ಟು ನಿಖರವಾದ ದೂರು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಫೋನಿನ ಪರದೆಯ ಮೇಲಿನ ಕಡ್ಡಿಗಳು ಟವರಿನಿಂದ ಫೋನಿಗೆ ಬರುವ ಸಂಕೇತದ ಬಲವನ್ನು ಮಾತ್ರ ತೋರಿಸುತ್ತವೆ. ಫೋನಿನಿಂದ ಹೊರಟದ್ದು ಟವರಿಗೆ ತಲುಪುತ್ತದೆಯೇ ಎಂಬುದನ್ನು ಅವು ಹೇಳುವುದಿಲ್ಲ. 4ಜಿ ಟವರಿನ ಒಂದು ಪ್ರಸಾರ ಘಟಕ ಸಾಮಾನ್ಯವಾಗಿ 40 ವ್ಯಾಟ್‌ನಷ್ಟು ಶಕ್ತಿ ಹೊರಡಿಸಿದರೆ, ಸಾಮಾನ್ಯ ಫೋನಿಗೆ ಇರುವ ಗರಿಷ್ಠ ಮಿತಿ 0.2 ವ್ಯಾಟ್. ಟವರಿನ ಆಂಟೆನಾ ಮತ್ತು ಸಂಕೇತ ಹಿಡಿಯುವ ಉಪಕರಣ (ರಿಸೀವರ್) ಹೆಚ್ಚು ಸೂಕ್ಷ್ಮವಾಗಿರುವುದರಿಂದ ಈ ಅಂತರ ಸ್ವಲ್ಪ ಮಟ್ಟಿಗೆ ಸರಿದೂಗುತ್ತದೆಯಾದರೂ ದೂರ ಹೆಚ್ಚಿದಂತೆ ಮೊದಲು ಸೋಲುವುದು ಫೋನೇ. ಬಯಲಾಟದ ಮೈಕಿನ ಸ್ವರ ಎರಡು ಗುಡ್ಡೆ ಆಚೆಗೂ ಕೇಳುತ್ತದೆ, ಆದರೆ ಅಲ್ಲಿಂದ ನಾವು ಕೂಗಿ ಕರೆದರೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಇದ್ದವರಿಗೆ ಕೇಳಿಸದು. ಮಾಷ್ಟ್ರ ಮಾತಿನಿಂದಲೇ ಅವರ ಫೋನು ಬಹಳ ದೂರದ ಯಾವುದೋ ಟವರನ್ನು ಹಿಡಿದುಕೊಂಡಿದೆ ಎಂದು ನಾನು ಊಹಿಸಿದೆ.

ಊಹೆಯನ್ನು ಪರೀಕ್ಷಿಸಲು ಜೀಪಿನಲ್ಲಿ ಲ್ಯಾಪ್‌ಟಾಪ್, ಜಿಪಿಎಸ್ ಮತ್ತು ಎರಡು ಪರೀಕ್ಷಾ ಫೋನುಗಳನ್ನು ಇಟ್ಟುಕೊಂಡು ಡ್ರೈವ್ ಟೆಸ್ಟ್ ಮಾಡಿದೆವು. ಒಂದು ಫೋನು ಸತತವಾಗಿ ಕರೆಯಲ್ಲಿರುತ್ತದೆ, ಇನ್ನೊಂದು ಸುಮ್ಮನಿದ್ದು ತನ್ನಷ್ಟಕ್ಕೆ ಯಾವ ಸೆಲ್ಲನ್ನು (ಟವರಿನ ಒಂದು ಆಂಟೆನಾ ಆವರಿಸುವ ಪ್ರದೇಶವನ್ನು) ಆರಿಸಿಕೊಳ್ಳುತ್ತದೆ ಎಂಬುದನ್ನು ದಾಖಲಿಸುತ್ತದೆ. ಮಾಷ್ಟ್ರ ಅಂಗಳದಲ್ಲಿ ಹತ್ತಿರದ ಟವರಿನ ಬಲ −101 ಡಿಬಿಎಂ (ಸಂಕೇತದ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಇದ್ದರೆ, ಬೇರೊಂದು ಸೆಲ್ಲಿನದು −94 ಇತ್ತು. ಪ್ರತಿ 3 ಡಿಬಿಗೆ ಶಕ್ತಿ ಇಮ್ಮಡಿಯಾಗುವುದರಿಂದ ಇದು ಐದು ಪಟ್ಟಿನ ವ್ಯತ್ಯಾಸ, ಆದ್ದರಿಂದ ಫೋನು ಎರಡನೆಯದನ್ನೇ ಆರಿಸಿಕೊಂಡದ್ದು ಸಹಜ. ಅದು ಎಷ್ಟು ದೂರದ್ದು ಎಂಬುದನ್ನು ಜಾಲವೇ ಹೇಳುತ್ತದೆ. ಫೋನು ಕಳಿಸಿದ ಸಂಕೇತ ಸರಿಯಾದ ಹೊತ್ತಿಗೆ ತಲುಪುವಂತೆ ಟವರು ಅದಕ್ಕೆ ಎಷ್ಟು ಮುಂಚಿತವಾಗಿ ಕಳಿಸಬೇಕೆಂದು ಸೂಚಿಸುತ್ತದೆ, ಇದನ್ನು ಟೈಮಿಂಗ್ ಅಡ್ವಾನ್ಸ್ ಎನ್ನುತ್ತಾರೆ. 4ಜಿಯಲ್ಲಿ ಇದರ ಒಂದೊಂದು ಹೆಜ್ಜೆ ಸುಮಾರು 78 ಮೀಟರ್ ದೂರಕ್ಕೆ ಸಮ. ಅಂಗಳದಲ್ಲಿ ಸಿಕ್ಕಿದ ಲೆಕ್ಕ 90 ಹೆಜ್ಜೆಯ ಆಸುಪಾಸು, ಅಂದರೆ 7 ಕಿಲೋಮೀಟರ್. ಹತ್ತಿರದ ಟವರು ಗುಡ್ಡೆಯ ಬೆನ್ನಿಗೆ ಮರೆಯಾಗಿತ್ತು, ದೂರದ ಟವರಿನ ನೆತ್ತಿ ಮಾತ್ರ ಎದುರಿನ ಕಣಿವೆಯ ಬಾಯಿಯಿಂದ ನೇರವಾಗಿ ಕಾಣುತ್ತಿತ್ತು.

ತೋಡಿನ ಹತ್ತಿರ ಕರೆ ಕಡಿಯುವುದಕ್ಕೆ ಕಾರಣ ಬೇರೆ. ಕರೆಯಲ್ಲಿರುವ ಫೋನು ಸುತ್ತಲಿನ ಸೆಲ್ಲುಗಳನ್ನು ಅಳೆಯುತ್ತಲೇ ಇರುತ್ತದೆ. ಪಕ್ಕದ ಸೆಲ್ಲು ಈಗಿನದಕ್ಕಿಂತ ನಿಗದಿತ ಪ್ರಮಾಣದಷ್ಟು ಬಲವಾಗಿ, ನಿಗದಿತ ಕಾಲದವರೆಗೆ ಹಾಗೆಯೇ ಉಳಿದರೆ ಫೋನು ಅದನ್ನು ವರದಿ ಮಾಡುತ್ತದೆ, ಜಾಲವು ಕರೆಯನ್ನು ಹಸ್ತಾಂತರಿಸುತ್ತದೆ. ಈ ವರದಿಯಲ್ಲಿ ಸೆಲ್ಲನ್ನು ಗುರುತಿಸುವ ಭೌತಿಕ ಸಂಖ್ಯೆಗಳು 4ಜಿಯಲ್ಲಿ 0ಯಿಂದ 503ರವರೆಗೆ ಒಟ್ಟು 504 ಮಾತ್ರ ಇರುವುದರಿಂದ ಅವನ್ನು ದೂರ ದೂರದ ಸೆಲ್ಲುಗಳಿಗೆ ಮತ್ತೆ ಮತ್ತೆ ಬಳಸುವುದು ಅನಿವಾರ್ಯ. 7 ಕಿಲೋಮೀಟರ್ ದೂರದ ಆ ಸೆಲ್ಲಿನ ನೆರೆಯ ಪಟ್ಟಿಯಲ್ಲಿ, ಅಂದರೆ ಅದು ಕರೆಯನ್ನು ಹಸ್ತಾಂತರಿಸಬಹುದಾದ ಸೆಲ್ಲುಗಳ ಪಟ್ಟಿಯಲ್ಲಿ, ನಮ್ಮ ಬೈಲಿನ ಟವರಿಗಿದ್ದ ಸಂಖ್ಯೆಯನ್ನೇ ಹೊತ್ತ ಇನ್ನೊಂದು ಸೆಲ್ಲಿತ್ತು. ತೋಟಕ್ಕೆ ಇಳಿದಾಗ ಫೋನು ಸರಿಯಾದ ಟವರನ್ನೇ ಕಂಡು ವರದಿ ಮಾಡಿದರೂ ಜಾಲವು ಬೇರೆ ಊರಿನ ಸೆಲ್ಲಿಗೆ ಸಿದ್ಧತೆ ನಡೆಸುತ್ತಿತ್ತು. ಅಲ್ಲಿ ಆ ಫೋನು ಎಂದಿಗೂ ತಲುಪದಿರುವುದರಿಂದ ಕರೆ ಬೀಳುತ್ತಿತ್ತು. ಅಲ್ಲೇ ನಿಂತು ಪುನಃ ಕರೆ ಮಾಡಿದಾಗ ಫೋನು ಹೊಸದಾಗಿ ಹತ್ತಿರದ ಟವರನ್ನೇ ಆರಿಸಿಕೊಳ್ಳುವುದರಿಂದ ತೊಂದರೆ ಇರಲಿಲ್ಲ.

ಸಂಖ್ಯೆ ಬದಲಾಯಿಸಿದ್ದರೆ ಕರೆ ಬೀಳುವುದು ನಿಲ್ಲುತ್ತಿತ್ತು, ಆದರೆ ಮಾಷ್ಟ್ರ ಸ್ವರ ಮಗಳಿಗೆ ಕೇಳುತ್ತಿರಲಿಲ್ಲ. ಮೂಲ ಇದ್ದದ್ದು ದೂರದ ಆಂಟೆನಾದ ಬಾಗುವಿಕೆಯಲ್ಲಿ. ಆ ಟವರಿನ ಎತ್ತರ 40 ಮೀಟರ್, ಅದು ನಿಂತ ಗುಡ್ಡೆ ಬೈಲಿಗಿಂತ ಸುಮಾರು 100 ಮೀಟರ್ ಎತ್ತರ, ಒಟ್ಟು 140 ಮೀಟರ್. ಆಂಟೆನಾವನ್ನು 2 ಡಿಗ್ರಿ ಕೆಳಕ್ಕೆ ಬಾಗಿಸಿದ್ದರು, ಆಗ ಕಿರಣದ ನಡುಭಾಗ 4 ಕಿಲೋಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಆದರೆ ಕಿರಣಕ್ಕೆ ಮೇಲೆ ಕೆಳಗೆ ಸುಮಾರು 7 ಡಿಗ್ರಿ ಅಗಲವಿದ್ದುದರಿಂದ ಅದರ ಮೇಲಂಚು ದಿಗಂತಕ್ಕಿಂತಲೂ ಒಂದೂವರೆ ಡಿಗ್ರಿ ಮೇಲಕ್ಕೆ ನೋಡುತ್ತಿತ್ತು. ಎದುರಿಗೆ ಸಿಕ್ಕಿದ ಗುಡ್ಡೆಗಳೆಲ್ಲದರ ಮೇಲೂ ಅದು ಬೀಳುತ್ತಿತ್ತು. 6 ಡಿಗ್ರಿಗೆ ಬಾಗಿಸಿದರೆ ನಡುಭಾಗ 1.3 ಕಿಲೋಮೀಟರ್‌ನಲ್ಲಿ, ಮೇಲಂಚು 3.2 ಕಿಲೋಮೀಟರ್‌ನಲ್ಲಿ ನೆಲಕ್ಕೆ ಬರುತ್ತದೆ. ಒಂದೇ ಸಲಕ್ಕೆ ಅಷ್ಟು ಬಾಗಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ನಡುವಿನ ಊರುಗಳಲ್ಲಿ ಯಾರ ಮನೆಗೆ ಸಂಕೇತ ತಪ್ಪಿಹೋಗುತ್ತದೆ ಎಂಬುದನ್ನು ನಕ್ಷೆ ಪೂರ್ತಿ ಹೇಳುವುದಿಲ್ಲ. ಮೊದಲು 4 ಡಿಗ್ರಿಗೆ ಇಳಿಸಿ, ಕೆಲವು ದಿನ ಅಂಕಿಅಂಶ ನೋಡಿ, ಆಮೇಲೆ 6ಕ್ಕೆ ತಂದೆವು. ಸಂಖ್ಯೆಯ ಗೊಂದಲವನ್ನೂ ಅದರ ಜೊತೆಗೇ ತೆಗೆದುಹಾಕಿದೆವು.

ಗಡಿಯ ಹತ್ತಿರ ಈ ಕೆಲಸಕ್ಕೆ ಇನ್ನೊಂದು ತೊಡಕು ಸೇರುತ್ತದೆ. ದೂರಸಂಪರ್ಕದ ಮಟ್ಟಿಗೆ ದೇಶವನ್ನು 22 ಸೇವಾ ವಲಯಗಳಾಗಿ ವಿಂಗಡಿಸಲಾಗಿದ್ದು, ಕೇರಳ ಒಂದು ವಲಯ, ಕರ್ನಾಟಕ ಇನ್ನೊಂದು. ಸಾರಡ್ಕದ ಚೆಕ್‌ಪೋಸ್ಟ್ ದಾಟಿ ಅಡ್ಯನಡ್ಕದ ಕಡೆಗೆ ಹೋದರೆ ಫೋನು ಬೇರೆ ವಲಯದ ಜಾಲಕ್ಕೆ ಸೇರುತ್ತದೆ. ಸುಮ್ಮನಿರುವ ಫೋನು ಹೀಗೆ ಆಚೆಯ ಜಾಲವನ್ನು ಹಿಡಿದಾಗ ತನ್ನ ಸ್ವಂತ ಜಾಲ ಮರಳಿ ಸಿಗುತ್ತದೆಯೇ ಎಂದು ಆಗಾಗ ಹುಡುಕುತ್ತದೆ. ಎಷ್ಟು ಹೊತ್ತಿಗೊಮ್ಮೆ ಹುಡುಕಬೇಕು ಎಂಬುದನ್ನು ಸಿಮ್‌ನಲ್ಲಿ 6 ನಿಮಿಷದ ಗುಣಕಗಳಲ್ಲಿ ಬರೆದಿರುತ್ತಾರೆ. ಗಡಿಯ ಈಚೆಗೆ ಬಂದು ಬಹಳ ಹೊತ್ತಾದರೂ ಫೋನು ಕರ್ನಾಟಕದ ಜಾಲದಲ್ಲೇ ಉಳಿಯಲು ಇದು ಒಂದು ಕಾರಣ. ಎರಡೂ ವಲಯದವರು ಕೂತು ಮಾತಾಡಿ ನೆರೆಯ ಪಟ್ಟಿಗಳನ್ನು ಹೊಂದಿಸದಿದ್ದರೆ ನಡುದಾರಿಯಲ್ಲಿ ಕರೆ ಉಳಿಯುವ ಭರವಸೆಯಿಲ್ಲ. ಮನೆ ಕೇರಳದಲ್ಲಿ, ತೋಟ ಕರ್ನಾಟಕದಲ್ಲಿ ಇರುವ ಕುಟುಂಬಗಳು ಇಲ್ಲಿ ಇರುವುದರಿಂದ ಇದನ್ನು ಸಣ್ಣ ವಿಷಯವೆಂದು ಬದಿಗಿಡಬಾರದು ಎಂದು ನಾನು ಸಭೆಗಳಲ್ಲಿ ಪಟ್ಟುಹಿಡಿದು ಹೇಳುತ್ತಿದ್ದೆ.

ಮಳೆಗಾಲದಲ್ಲಿ ಒದ್ದೆ ಎಲೆಗಳು ಸಂಕೇತವನ್ನು ಸ್ವಲ್ಪ ಹೀರುತ್ತವೆ, ಕೇಬಲ್ ಬದಲು ಮೈಕ್ರೋವೇವ್ ಕೊಂಡಿಯಿಂದ ಉಳಿದ ಜಾಲಕ್ಕೆ ಸೇರಿರುವ ಟವರುಗಳಿಗೆ ಜೋರು ಮಳೆಯೇ ಅಡ್ಡಿಯಾಗುತ್ತದೆ, ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಉಳಿದ ಲೆಕ್ಕಾಚಾರವೆಲ್ಲ ವ್ಯರ್ಥ. ಆದ್ದರಿಂದ ಆಟಿಯ ಮಳೆಯಲ್ಲಿ ಇನ್ನೊಮ್ಮೆ ಹೋಗಿ ಅಳೆಯುವವರೆಗೆ ಬಾಗುವಿಕೆಯ ಕೆಲಸವನ್ನು ಮುಗಿಯಿತೆಂದು ಬರೆಯಲಿಲ್ಲ. ಆಗಲೂ ಮಾಷ್ಟ್ರ ಅಂಗಳದ ಫೋನು ಹತ್ತಿರದ ಟವರಿನಲ್ಲೇ ಇತ್ತು. ಕಡ್ಡಿ ಮೂರರಿಂದ ಎರಡಕ್ಕೆ ಇಳಿದಿತ್ತು, ಮಾತು ಮಾತ್ರ ಎರಡೂ ಕಡೆಗೆ ಸ್ಪಷ್ಟವಾಗಿತ್ತು. ಫೋನು ಪೂರ್ಣ ಶಕ್ತಿಯಲ್ಲಿ ಕೂಗಬೇಕಾದ ಅಗತ್ಯ ತಪ್ಪಿದ್ದರಿಂದ ಚಾರ್ಜೂ ಹೆಚ್ಚು ಹೊತ್ತು ಬರುತ್ತಿತ್ತು. ಗುಡ್ಡೆಯ ಮಗ್ಗುಲಲ್ಲಿದ್ದ ಎರಡು ಮನೆಗಳಿಗೆ ಮೊದಲಿದ್ದ ಅಲ್ಪಸ್ವಲ್ಪ ಸಂಕೇತವೂ ಹೋಯಿತು. ಅವರಿಗೆ ಮನೆಯ ಫೈಬರ್ ಸಂಪರ್ಕದ ಮೂಲಕ ವೈಫೈ ಕಾಲಿಂಗ್ ಮಾಡುವುದನ್ನು ಫೋನಿನಲ್ಲಿ ಸಿದ್ಧಪಡಿಸಿಕೊಟ್ಟು, ಆ ಜಾಗಕ್ಕೊಂದು ಚಿಕ್ಕ ಸೆಲ್ ಬೇಕೆಂಬ ಬೇಡಿಕೆಯನ್ನು ಅಳತೆಗಳ ಸಮೇತ ಬರೆದು ಕಳಿಸಿದೆ.