ಮಜಲ್‌ಲೋಡರ್ ರೈಫಲ್: ನಳಿಗೆ ತೊಳೆಯೋದು, ಗುಂಡು ಆರಿಸೋದು

ಅಮೆರಿಕದ ಮಜಲ್‌ಲೋಡರ್ (ನಳಿಗೆ ಬಾಯಿಂದ ಮದ್ದು, ಗುಂಡು ತುಂಬೋ ಕೋವಿ) ಬೇಟೆ ಸೀಸನ್‌ಗೆ ಅಂತ .50 ಕ್ಯಾಲಿಬರ್, ಅಂದ್ರೆ ಅರ್ಧ ಇಂಚು ನಳಿಗೆಯ ರೈಫಲ್ ತಗೊಂಡೋರು ಒಂದು ತಿಳ್ಕೊಳ್ಳಿ, ಕಪ್ಪು ಮದ್ದು ಸುಟ್ಟಮೇಲೆ ಉಳಿಯೋ ಮಸಿ ಗಾಳಿಯ ತೇವ ಹೀರ್ಕೊಂಡು ಕಬ್ಬಿಣಾನ ತಿನ್ನುತ್ತೆ, ಕಪ್ಪು ಮದ್ದಿನ ಬದಲಿಗೆ ಬಳಸೋ ಪೈರೋಡೆಕ್ಸ್ ಆದ್ರೂ ಅಷ್ಟೇ, ಅದಕ್ಕೆ ಹೊಡೆದ ದಿನಾನೇ ತೊಳೀಬೇಕು.

ಮೊದಲು ಕೇಪು (ಮದ್ದಿಗೆ ಕಿಡಿ ಕೊಡೋ ಪುಟ್ಟ ಟೋಪಿ) ತೆಗೀರಿ. ರಾಮ್‌ರಾಡ್ (ಗುಂಡು ಒಳಗೆ ತಳ್ಳೋ ಕಡ್ಡಿ) ನಳಿಗೆ ಒಳಗೆ ಬಿಟ್ಟು ಎಷ್ಟು ಆಳ ಹೋಯ್ತು ಅಂತ ಹೊರಗಡೆ ಹಿಡಿದು ನೋಡಿ, ತಳದವರೆಗೆ ಹೋಗಿಲ್ಲ ಅಂದ್ರೆ ಒಳಗೆ ಗುಂಡಿದೆ ಅಂತಾನೇ ಲೆಕ್ಕ. ಖಾಲಿ ಇದ್ರೆ ಕೇಪು ಕೂರೋ ನಿಪ್ಪಲ್ ಬಿಚ್ಚಿ, ನಳಿಗೆ ಕಳಚೋಕೆ ಬರೋ ಹಳೇ ಮಾದರಿ ಆದ್ರೆ ಅದರ ತಳಾನ ಬಕೆಟ್‌ನಲ್ಲಿರೋ ಬಿಸಿ ಸೋಪುನೀರಲ್ಲಿ ಇಟ್ಟು, ರಾಡ್ ತುದೀಲಿ ಬಟ್ಟೆ ಕಟ್ಟಿ ಮೇಲೆ ಕೆಳಗೆ ಎಳೀರಿ, ಪಂಪ್ ಥರ ನೀರು ತಾನೇ ಒಳಗೆ ಬರುತ್ತೆ. ದುಬಾರಿ ಸಾಲ್ವೆಂಟ್ ಏನೂ ಬೇಡ ಅನ್ನೋದೇ ನನ್ನ ಅಭಿಪ್ರಾಯ. ಇನ್‌ಲೈನ್ (ನಳಿಗೆಯ ನೇರ ಹಿಂದಿಂದ ಕಿಡಿ ಕೊಡೋ ಹೊಸ ಮಾದರಿ) ಆದ್ರೆ ಬ್ರೀಚ್ ಪ್ಲಗ್, ಅಂದ್ರೆ ನಳಿಗೆಯ ಹಿಂದಿನ ತಿರುಪು ಮುಚ್ಚಳ ಬಿಚ್ಚಿ ತೊಳೆದು, ವಾಪಸ್ ಹಾಕುವಾಗ ಅದರ ತಿರುಪಿನ ಸುತ್ತುಗಳಿಗೆ ಆಂಟಿ-ಸೀಜ್ (ಕಚ್ಚಿಕೊಳ್ಳದ ಹಾಗೆ ತಡೆಯೋ) ಗ್ರೀಸ್ ಹಚ್ಚಿ. ಚೆನ್ನಾಗಿ ಒಣಗಿಸಿ ತೆಳ್ಳಗೆ ಎಣ್ಣೆ ಸವರಿ, ಮುಂದಿನ ಸಲ ಲೋಡ್ ಮಾಡೋ ಮುಂಚೆ ಅದನ್ನ ಒರೆಸೋದು ಮರೀಬೇಡಿ.

ಗುಂಡು ಆರಿಸೋಕೆ ನಳಿಗೆಯ ಟ್ವಿಸ್ಟ್, ಅಂದ್ರೆ ಒಳಗಿನ ಸುರುಳಿ ಗೀರುಗಳು ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ವೆ ಅಂತ ನೋಡಿ. 66 ಇಂಚಿಗೆ ಒಂದು ಸುತ್ತು ಇದ್ರೆ ಬಟ್ಟೆ ಸುತ್ತಿದ .490 ಇಂಚಿನ ದುಂಡು ಗುಂಡು, 28ಕ್ಕೆ ಒಂದಾದ್ರೆ ಉದ್ದನೆಯ ಕಾನಿಕಲ್ (ಮೊನೆ ಇರೋ ಗುಂಡು) ಇಲ್ಲಾ ಸಾಬೋ (ಪ್ಲಾಸ್ಟಿಕ್ ಕವಚದ ಸಣ್ಣ ಗುಂಡು), 48 ಆದ್ರೆ ಎರಡೂ ಸುಮಾರಾಗಿ ನಡೆಯುತ್ತೆ. ದುಂಡು ಗುಂಡಿಗೆ ಮೆತ್ತನೆ ಸೀಸಾನೇ ಬೇಕು. ಮಲೆನಾಡಿನ ಕೇಪಿನ ಕೋವಿಗೆ ಸಾಮಾನ್ಯವಾಗಿ ಒಳಗೆ ಸುರುಳಿ ಗೀರು ಇರಲ್ಲ, ಈ ಲೆಕ್ಕ ಅದಕ್ಕಲ್ಲ. ಗುಂಡು ಮದ್ದಿಗೆ ಅಂಟಿ ಕೂರಬೇಕು, ಮಧ್ಯೆ ಜಾಗ ಬಿಟ್ರೆ ನಳಿಗೆ ಉಬ್ಬಬಹುದು, ಮದ್ದಿನ ಅಳತೆ ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟೇ ಹಾಕಿ.